ಉಪ್ಪಿನ ಭರಣಿಯ ಅಡಿಯ ನಾಲ್ಕು ಅಕ್ಷರ

ಮೊಬೈಲಿನ ಆ ಫೋಟೋವನ್ನು ನಾನು ನೋಡಬಾರದಿತ್ತು. ನೋಡಿದ ಮೇಲಾದರೂ "ಗೊತ್ತಾಗ್ತಿಲ್ಲ ರೀ" ಎಂದು ಕೈ ತೊಳೆದುಕೊಳ್ಳಬೇಕಿತ್ತು. ಶಿಕಾರಿಪುರದ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಪಿಂಗಾಣಿ ಸಾಮಾನು ರಿಪೇರಿ ಮಾಡುತ್ತೇನೆ, ಅಡಿಯಲ್ಲಿರುವ ಗುರುತು ಓದಿ ಯಾವ ಕಾಲದ್ದು ಎಂದು ಹೇಳುತ್ತೇನೆ. ಬರುವವರು ಸಾಮಾನ್ಯವಾಗಿ ಸೀಳು ಬಿಟ್ಟ ತಟ್ಟೆಯನ್ನೋ ಹಿಡಿ ಮುರಿದ ಕೆಟಲನ್ನೋ ತರುತ್ತಾರೆ. ಆ ದಿನ ಬಂದವರು ಬರೀ ಫೋಟೋ ತಂದಿದ್ದರು. ಸೊರಬದಲ್ಲಿ ಅಂಗಡಿ ಇಟ್ಟುಕೊಂಡಿರುವ ವ್ಯಾಪಾರಸ್ಥರು, ಅರವತ್ತು ದಾಟಿದವರು, ಹಣೆ ತುಂಬ ವಿಭೂತಿ. ನನ್ನ ಕುರ್ಚಿಯಲ್ಲಿ ಅವರು ಕೂತ ಗತ್ತು ನೋಡಿ ನಾನೇ ಅವರ ಮನೆಗೆ ಬಂದಿದ್ದೇನೇನೋ ಅನ್ನಿಸಿತು.

ಫೋಟೋದಲ್ಲಿ ಒಂದು ಭರಣಿಯ ತಳವಿತ್ತು. ಬಿಳಿಯ ತಳ, ಒಂದರೊಳಗೊಂದು ಎರಡು ನೀಲಿ ಬಳೆ, ಬಳೆಯೊಳಗೆ ನಾಲ್ಕು ಚೀನೀ ಅಕ್ಷರ.

"ಓದೋಕೆ ಬರ್ತದಾ ಮೇಡಂ?"

ಬರುತ್ತದೆಂದು ತೋರಿಸಿಕೊಳ್ಳುವ ಚಪಲ ನನಗೆ. ಬಲಗಡೆಯ ಸಾಲನ್ನು ಮೇಲಿನಿಂದ ಕೆಳಗೆ, ಆಮೇಲೆ ಎಡಗಡೆಯದನ್ನು ಓದಿ ಹೇಳಿದೆ. "ಕಾಂಗ್‌ಶಿ ನಿಯೆನ್ ಝಿ. ಕಾಂಗ್‌ಶಿ ಅನ್ನೋ ಚಕ್ರವರ್ತಿ ಕಾಲದಲ್ಲಿ ಮಾಡಿದ್ದು ಅಂತ. ಮುನ್ನೂರು ವರ್ಷದ ಹಿಂದಿನವನು."

"ಅದೇ ಸುಳ್ಳಂತೆ. ಹಳೇ ಸಾಮಾನು ಕೊಳ್ಳೋನೊಬ್ಬ ಬಂದಿದ್ದ. ಫೋಟೋ ನೋಡಿದ್ದೇ ಗುರುತು ಸುಳ್ಳು ಐತಿ, ಇದು ಹೊಸ ಮಾಲು ಅಂದ. ನನಗೂ ಅದೇ ಅನುಮಾನ ಇತ್ತು ನೋಡ್ರಿ."

ನೇರ ನೋಡದೆ ಏನೂ ಹೇಳಲಾಗದು, ಬೇಕಾದರೆ ಬಂದು ನೋಡುತ್ತೇನೆ ಎಂದೆ. ನಾನು ಬರುತ್ತೇನೆಂದು ಒಪ್ಪಿಕೊಂಡ ಮೇಲೆಯೇ ಅವರು ಉಳಿದದ್ದನ್ನು ಹೇಳಿದ್ದು.

"ನಮ್ಮ ಅಜ್ಜಿ ತೀರ್ಕಂಡಾಗ ನಾನು ಸಣ್ಣೋನು. ಆವಾಗ ಈ ಭರಣಿ ತಳ ಕಣ್ಣಾರೆ ನೋಡೀನಿ. ಕರ್ರಗೆ, ಹಂಚಿನಂಗೆ ಒರಟಿತ್ತು. ಅಕ್ಷರ ಗಿಕ್ಷರ ಏನೂ ಇರ್ಲಿಲ್ಲ. ಹೋದ ವರ್ಷ ನಮ್ಮವ್ವ ತೀರ್ಕಂಡ್ಲು. ಮಣ್ಣಾಗಿ ಎರಡು ದಿನಕ್ಕೆ ಅಂಗಳದಾಗೆ ಒಣಗಾಕಿದ್ದ ಭರಣಿ ನೋಡ್ತೀನಿ, ತಳ ಬೆಳ್ಳಗೆ ಫಳಫಳ ಅಂತೈತಿ, ಮ್ಯಾಲೆ ಈ ಅಕ್ಷರ! ಫೋಟೋ ಹೊಡ್ಕಂಡೆ. ಬದಲಾಯ್ಸಿದಾರೆ ಮೇಡಂ. ಬ್ಯಾರೆ ಯಾರೂ ಅಲ್ಲ, ನನ್ನ ತಮ್ಮನ ಹೆಂಡ್ತಿ. ಜಡೆ ಊರಿನ ನಮ್ಮ ಮನೇಲಿ ಇರೋಳು ಅವಳೊಬ್ಬಳೇ. ಅಸಲಿ ಮಾರ್ಕಂಡು ನಕಲಿ ತಂದಿಟ್ಟಾಳೆ. ನೀವು ಹೊಸದು ಅಂತ ಬರೆದು ಕೊಡ್ರಿ ಸಾಕು. ಸ್ಟೇಷನ್ನಿಗೆ ಕಂಪ್ಲೇಂಟ್ ನಾನು ಕೊಡ್ತೀನಿ."

ಪಿಂಗಾಣಿ ಕೆಲಸದಲ್ಲಿ ನನಗಿರುವ ಹೆದರಿಕೆ ಒಂದೇ, ಕೈಜಾರಿ ಬೀಳುವುದು. ಒಡೆದರೆ ಅಂಟಿಸಬಹುದು, ಅಂಟಿಸಲಾಗದಿದ್ದರೆ ಕ್ಷಮೆ ಕೇಳಬಹುದು. ನಾನು ಹೇಳುವ ಒಂದು ಮಾತಿಗೆ ಒಬ್ಬ ಹೆಂಗಸು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಬೇಕಾಗುತ್ತದೆ ಎನ್ನುವಂಥ ಕೆಲಸ ಅದುವರೆಗೆ ನನ್ನ ಬಾಗಿಲಿಗೆ ಬಂದಿರಲಿಲ್ಲ. ಆ ಹೆಂಗಸಿನ ಗಂಡ ಲಾರಿ ಡ್ರೈವರ್, ಗುಜರಾತಿನ ಕಡೆ ಹೋಗಿದ್ದಾನೆ, ಅವನು ಬರುವುದರೊಳಗೆ ಇದು ಮುಗಿಯಬೇಕು ಎಂಬುದು ನನ್ನೆದುರು ಕೂತ ಯಜಮಾನರ ಅವಸರ. ಆಗಲೇ ಬೇಡ ಅನ್ನಬಹುದಿತ್ತು. ಆದರೆ ನಾನು ಬೇಡ ಅಂದರೆ ಫೋಟೋ ನೋಡಿ ತೀರ್ಪು ಕೊಡುವ ಆ ಕೊಳ್ಳುವವನ ಮಾತೇ ಉಳಿಯುತ್ತದಲ್ಲ ಎಂದು ಹೊರಟೆ. ಧೈರ್ಯದಿಂದ ಹೊರಟೆ ಎಂದು ಯಾರೂ ತಿಳಿಯಬೇಡಿ. ಶಿರಾಳಕೊಪ್ಪ ದಾಟುವವರೆಗೂ ಬಸ್ಸು ಕೆಟ್ಟು ನಿಲ್ಲಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ಬಸ್ಸು ಕೆಡಲಿಲ್ಲ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಯಜಮಾನರು ಕಾರು ನಿಲ್ಲಿಸಿಕೊಂಡು ಕಾದಿದ್ದರು. ಜಡೆಗೆ ಹೋಗುವ ದಾರಿಯುದ್ದಕ್ಕೂ ಭತ್ತದ ರೇಟಿನ ಬಗ್ಗೆ ಮಾತಾಡಿದರು. ಭರಣಿಯ ವಿಷಯ ಎತ್ತಲಿಲ್ಲ. ಅವರ ಮಟ್ಟಿಗೆ ಅದು ಆಗಲೇ ತೀರ್ಮಾನವಾಗಿತ್ತು, ನನ್ನ ಸಹಿಯೊಂದು ಬಾಕಿ.

ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ಕಾಲಿಗೆ ನೀರು ಕೊಟ್ಟು "ಬರ್ರಿ ಅಕ್ಕಾರೆ" ಅಂದಳು. ನಾನು ಯಾಕೆ ಬಂದಿದ್ದೇನೆಂದು ಗೊತ್ತಿದ್ದೂ ಅಷ್ಟು ನೆಟ್ಟಗೆ ಮುಖ ನೋಡಿದವಳನ್ನು ನಾನೇ ನೋಡಲಾರದೆ ಚಪ್ಪಲಿ ಬಿಡುವ ನೆವದಲ್ಲಿ ಬಗ್ಗಿದೆ.

ಭರಣಿ ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣೆಯ ಮೇಲಿತ್ತು. ಮೊಣಕಾಲೆತ್ತರ, ನೀಲಿ ಮೈ. ಒಡೆದ ಮಂಜುಗಡ್ಡೆಯ ಗೆರೆಗಳಂತೆ ಬರೆದ ನೀಲಿಯ ಮೇಲೆ ಬಿಳಿ ಹೂವು ಚೆಲ್ಲಿದ್ದವು. ಮೂಲ ಮುಚ್ಚಳ ಯಾವತ್ತೋ ಹೋಗಿ ಮರದ ಮುಚ್ಚಳ ಬಂದಿತ್ತು. ತೆಗೆದು ನೋಡಿದರೆ ಕಂಠದವರೆಗೆ ಕಲ್ಲುಪ್ಪು.

"ಖಾಲಿ ಮಾಡ್ರಿ" ಅಂದೆ. ಮಾಮೂಲಿ ಮಾತು, ಯಾವ ಭರಣಿಯನ್ನು ನೋಡುವ ಮುಂಚೆಯೂ ಹೇಳುವಂಥದ್ದು. ಆದರೆ ಯಜಮಾನರೂ ಬೆಚ್ಚಿ ನನ್ನ ಮುಖ ನೋಡಿದರು. ಆಮೇಲೆ ವಿಷಯ ತಿಳಿಯಿತು. ಆ ಮನೆಯಲ್ಲಿ ಉಪ್ಪಿನ ಭರಣಿ ಅತ್ತೆಯಿಂದ ಸೊಸೆಗೆ ಬರುತ್ತದೆ. ಬಂದ ದಿನ ಸೊಸೆ ಹೊಸ ಉಪ್ಪು ತುಂಬುತ್ತಾಳೆ, ಆಮೇಲೆ ಅವಳು ಇರುವವರೆಗೂ ಭರಣಿ ಖಾಲಿಯಾಗಬಾರದು. ಅವಳು ಸತ್ತ ದಿನ ಆ ಉಪ್ಪನ್ನು ಅವಳನ್ನು ಹೂಳುವ ಕುಣಿಗೆ ಅವಳ ಜೊತೆಗೇ ಹಾಕುತ್ತಾರೆ. ಆವತ್ತು ಮಾತ್ರ ಭರಣಿ ಬೋರಲಾಗುವುದು. ಯಜಮಾನರ ಹೆಂಡತಿ ಸೊರಬದಲ್ಲೇ ಬೇರೆ ಸಂಸಾರ ಮಾಡಿಕೊಂಡಿದ್ದರಿಂದ ಭರಣಿ ಬಂದದ್ದು ತಮ್ಮನ ಹೆಂಡತಿಗೆ. ಅಂದರೆ ಈಗ ಅದರಲ್ಲಿದ್ದದ್ದು ಈ ಹೆಂಗಸಿನ ಉಪ್ಪು, ಎಲ್ಲಾ ಅರ್ಥದಲ್ಲೂ.

ಯಜಮಾನರೇ ಮೊದಲು ಸಾವರಿಸಿಕೊಂಡರು. "ಅಸಲಿ ಭರಣಿಗಾದ್ರೆ ಆ ನೇಮ. ನಕಲಿಗೆ ಯಾಕೆ?"

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. "ಖಾಲಿ ಮಾಡ್ರಿ ಅಕ್ಕಾರೆ. ಕಳ್ಳಿ ಅನ್ನಿಸ್ಕಂಡು ಹೋಗೋದಾದ್ರೆ ನನ್ನ ಪಾಲಿಗೆ ಅದು ಖಾಲೀನೇ."

ನಾನು ಏನು ಮಾಡಬೇಕೆಂದು ಯೋಚಿಸುವುದರೊಳಗೆ ಯಜಮಾನರು ಮುಂದೆ ಬಂದು, "ಖಾಲಿ ಯಾಕೆ, ಒಂದು ಕಡೆ ವಾಲಿಸಿದ್ರೆ ತಳ ಕಾಣ್ತದೆ" ಎಂದು ಕಂಠಕ್ಕೆ ಕೈ ಹಾಕಿ ಎಳೆದೇಬಿಟ್ಟರು. ಅಷ್ಟು ಉಪ್ಪಿನ ಭಾರ ಒಂದೇ ಅಂಚಿನ ಮೇಲೆ ನಿಂತಿತು. ನಾನು ಓಡಿ ಹೋಗಿ ಹೊಟ್ಟೆಯ ಭಾಗ ತಬ್ಬಿಕೊಂಡೆ. ಆಗ ಒಳಗಿನಿಂದ ಟಿಕ್ ಎಂದು ಒಂದು ಸದ್ದು ಬಂತು. ಉಗುರು ಮುರಿದಷ್ಟೇ ಸಣ್ಣದು.

ನನ್ನ ಕಸುಬಿನವರಿಗೆ ಆ ಸದ್ದು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಎಲ್ಲೋ ಬಿರುಕು ಓಡಿತ್ತು. ಭರಣಿಯನ್ನು ತಬ್ಬಿಕೊಂಡೇ "ಬಿಡಬ್ಯಾಡ್ರಿ, ನಿಧಾನಕ್ಕೆ ಕೆಳಗೆ, ನಿಧಾನಕ್ಕೆ" ಎಂದು ಹೇಳುತ್ತಿದ್ದೆ. ಹೇಳುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಮಣೆಯ ಮೇಲೆ ಮತ್ತೆ ಕೂತಿತು. ತಳ ಕಳಚಿ ಬೀಳಲಿಲ್ಲ.

ಹೆದರಿಕೆಗೂ ಒಂದು ಉಪಯೋಗವಿದೆ, ತಲೆ ಚುರುಕಾಗುತ್ತದೆ. ಉಪ್ಪನ್ನೆಲ್ಲ ಆಕೆಯೇ ಕೈಯಾರೆ ಸ್ಟೀಲ್ ಡಬ್ಬಿಗಳಿಗೆ ತೆಗೆಯಲಿ, ಒಂದು ಹಿಡಿ ಮಾತ್ರ ಬಟ್ಟೆಯಲ್ಲಿ ಗಂಟು ಕಟ್ಟಿ ಭರಣಿಯೊಳಗೇ ಬಿಡಲಿ, ಹಾಗಾದರೆ ಖಾಲಿಯಾದಂತೆ ಆಗುವುದಿಲ್ಲ ಅಂದೆ. ಬೋರಲು ಹಾಕುವುದೂ ಬೇಡ, ಕಂಬಳಿ ಹಾಸಿ ಮಗ್ಗುಲಾಗಿ ಮಲಗಿಸೋಣ. ಯಜಮಾನರು ಏನೋ ಗೊಣಗಿದರು. ಆಕೆ ಮಾತ್ರ ನನ್ನನ್ನು ದಿಟ್ಟಿಸಿ ನೋಡಿ, ಒಳಗೆ ಹೋಗಿ ಒಗೆದ ಬಿಳಿ ಬಟ್ಟೆಯ ತುಂಡು ತಂದಳು.

ನಡುಮನೆಯ ಕಿಟಕಿಯ ಬೆಳಕಿನಲ್ಲಿ ಭರಣಿಯನ್ನು ಕೂಸಿನಂತೆ ಮಲಗಿಸಿ ಕೆಲಸ ಶುರು ಮಾಡಿದೆ.

ಮೊದಲು ಅಕ್ಷರ. ಭೂತಗನ್ನಡಿ ಹಿಡಿದರೆ ಕುಂಚ ನಿಂತ ಕಡೆ ನೀಲಿ ದಪ್ಪಗೆ ಕೂತು, ಎಳೆದ ಕಡೆ ತೆಳುವಾಗಿತ್ತು. ಕೈಬರಹ, ಅಚ್ಚು ಒತ್ತಿದ್ದಲ್ಲ. ಅದು ಒಳ್ಳೆಯದು, ಆದರೆ ಸಾಲದು. ಈಗಿನ ನಕಲಿಯವರೂ ಕೈಯಲ್ಲೇ ಬರೆಯುತ್ತಾರೆ. ಬರಹ ಮಾತ್ರ ಆ ಚಕ್ರವರ್ತಿಯ ಕಾಲದ್ದಲ್ಲ ಎಂಬುದು ನನಗೆ ಖಾತ್ರಿಯಾಯಿತು. ಗೆರೆಗಳು ಅವಸರದವು, ನೀಲಿಯಲ್ಲಿ ಆ ಕಾಲದ ಹೊಳಪಿಲ್ಲ. ಕೊಳ್ಳುವವನು ಗುರುತು ಸುಳ್ಳು ಅಂದದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಗುರುತಿಗಿಂತ ಭರಣಿಗೆ ವಯಸ್ಸು ಕಡಿಮೆ ಅನ್ನುವುದಕ್ಕೂ ಭರಣಿ ಮೊನ್ನೆ ಮೊನ್ನೆಯದು ಅನ್ನುವುದಕ್ಕೂ ನಡುವೆ ಇನ್ನೂರು ಮುನ್ನೂರು ವರ್ಷದ ಜಾಗ ಇದೆಯಲ್ಲ, ನನ್ನ ಕೆಲಸ ಇದ್ದದ್ದು ಅಲ್ಲಿ.

ಆಮೇಲೆ ಗಾಜಿನಂಥ ಮೇಲ್ಪದರ. ಅದರೊಳಗಿನ ಗುಳ್ಳೆಗಳು ಸಣ್ಣವು ದೊಡ್ಡವು ಬೆರೆತಿದ್ದವು, ಸೌದೆ ಗೂಡಿನಲ್ಲಿ ಬೆಂದ ಹಳೆಯ ಮಾಲಿಗೆ ಹಾಗಾಗುತ್ತದೆ. ಸ್ವಲ್ಪ ಉಸಿರು ಬಂತು. ಆದರೆ ಅದರ ಮೇಲೆಯೇ ಸಣ್ಣ ಗೀರುಗಳು, ಒಂದೇ ದಿಕ್ಕಿಗೆ, ಸುತ್ತಿ ಸುತ್ತಿ ಉಜ್ಜಿದ ಹಾಗೆ. ವರ್ಷಗಟ್ಟಲೆ ಬಳಸಿದ ಪಾತ್ರೆಯ ಗೀರು ಅಡ್ಡಾದಿಡ್ಡಿ ಇರುತ್ತದೆ. ಒಂದೇ ದಿಕ್ಕಿನ ಗೀರು ಹೊಸ ಮಾಲನ್ನು ಹಳೆಯದಾಗಿ ಕಾಣಿಸಲು ಉಜ್ಜುವವರ ಕೆಲಸ. ಕೊನೆಗೆ ಪಾದದ ಅಂಚು, ಮೇಲ್ಪದರವಿಲ್ಲದ ಬರಿ ಮಣ್ಣಿನ ಬಳೆ. ನೂರು ವರ್ಷ ಅಡಿಗೆಮನೆಯಲ್ಲಿ ಕೂತ ಭರಣಿಯ ಪಾದ ಎಣ್ಣೆ ಹೊಗೆ ಕುಡಿದು ಕಂದಾಗಿರಬೇಕು. ಇದು ಬೆಳ್ಳಗಿತ್ತು. ಆಸಿಡ್ಡಿನಲ್ಲಿ ಅದ್ದಿ ತೆಗೆದ ಹಾಗೆ.

ಉಜ್ಜಿದ ಮೈ, ಹುಳಿ ಹಾಕಿದ ಪಾದ. ನಕಲಿ ಹಿಡಿಯಲು ನನಗೆ ಹೇಳಿಕೊಟ್ಟ ಪಾಠದ ಮೊದಲ ಎರಡು ಗುರುತು ಅವೇ. ಫೋಟೋ ತೆಗೆದು, ಸಿಗ್ನಲ್ ಸಿಗುವ ಹಿತ್ತಲಿನ ಮೂಲೆಗೆ ಹೋಗಿ, ನನಗೆ ಈ ವಿದ್ಯೆ ಕಲಿಸಿದ ಮೇಷ್ಟ್ರಿಗೆ ಕಳಿಸಿ ಫೋನ್ ಮಾಡಿದೆ.

"ಇದರಲ್ಲಿ ಕೇಳೋದೇನಮ್ಮ?" ಅಂದರು ಅವರು. "ಗುಳ್ಳೆ ಒಂದು ಬಿಟ್ಟರೆ ಎಲ್ಲಾ ಹೊಸದರ ಲಕ್ಷಣ. ಹೊಸದು ಅಂತ ಹೇಳಿ ಬಸ್ ಹತ್ತು. ಮನೆಯವರ ಕಥೆ ಮಾತ್ರ ಕೇಳೋಕೆ ಹೋಗಬೇಡ."

ಕಥೆ ಕೇಳಬೇಡ, ವಸ್ತುವನ್ನು ಕೇಳು ಎಂಬುದು ಅವರು ಮೊದಲಿನಿಂದ ಹೇಳುತ್ತ ಬಂದದ್ದು. ಮನೆಯವರು ಪ್ರೀತಿಯಿಂದಲೋ ಆಸೆಯಿಂದಲೋ ಏನೇನೋ ಹೇಳುತ್ತಾರೆ, ಕಿವಿಗೆ ಬಿದ್ದರೆ ಕಣ್ಣು ಕೆಡುತ್ತದೆ. ಅದಕ್ಕೇ ನಾನು ಬಂದಾಗಿನಿಂದ ಆ ಹೆಂಗಸನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಿಯಮಕ್ಕಿಂತ ಹೆಚ್ಚಾಗಿ ಅವಳ ಮುಖ ನೋಡಲು ನನಗೆ ಭಯ.

ಊಟಕ್ಕೆ ಕರೆದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಯಜಮಾನರು ಅಂಗಳದಲ್ಲಿ ಫೋನಿನಲ್ಲಿ ಯಾರಿಗೋ ಇವತ್ತೇ ಮುಗೀತದೆ ಎಂದು ಹೇಳುತ್ತಿದ್ದುದು ಕೇಳುತ್ತಿತ್ತು. ಆಕೆ ಪಕ್ಕದಲ್ಲಿ ಬಂದು ನಿಂತಳು.

"ಉಪ್ಪು ಸಾಕೇನ್ರಿ ಅಕ್ಕಾರೆ?"

ಆಕೆ ಬೇಕೆಂದು ಕೇಳಿದ್ದಲ್ಲ, ಯಾವ ಮನೆಯಲ್ಲೂ ಬಡಿಸುವವರು ಕೇಳುವ ಮಾತು ಅದು. ನಾನು ತಲೆ ಆಡಿಸಿದೆ. ಈ ಉಪ್ಪು ತಿಂದೆದ್ದು ಹೊರಗೆ ಹೋಗಿ ಇವಳು ಕಳ್ಳಿ ಎಂದು ಬರೆದುಕೊಡಬೇಕು. ಅದು ನಿಜವೇ ಆಗಿದ್ದರೆ ಬರೆಯಲೇಬೇಕು. ನಿಜ ಅಲ್ಲದಿದ್ದರೆ?

ಕೈ ತೊಳೆದುಕೊಂಡು ಹೊರಗೆ ಬಂದು ಯಜಮಾನರ ಎದುರಿಗೇ ಆಕೆಯನ್ನು ಕೇಳಿದೆ. ಮೇಷ್ಟ್ರ ಮಾತು ಮೀರಿದ್ದು ಅದೇ ಮೊದಲು.

"ಇದನ್ನ ಯಾತರಿಂದ ತೊಳೆದ್ರಿ?"

ಆಕೆಗೆ ಆಶ್ಚರ್ಯವಾಯಿತು. ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ ಅನ್ನಿಸುತ್ತದೆ. "ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ನಾರು. ಮಣ್ಣು ಮಾಡಿ ಬಂದ ಮ್ಯಾಲೆ ಮನೆ ಸಾಮಾನೆಲ್ಲಾ ತಿಕ್ತೀವಲ್ರಿ. ಹಿತ್ತಾಳೆ ಕೊಡ ತಿಕ್ಕಿದಂಗೆ ಇದನ್ನೂ ತಿಕ್ಕಿದೆ. ತಳಕ್ಕೆ ಹುಣಸೆಹಣ್ಣು ಹಚ್ಚಿದ್ದೇ ತಡ ಬುಸುಬುಸು ನೊರೆ ಬಂತು. ಮಾರನೇ ದಿನಕ್ಕೆ ಕರೇ ಹಕ್ಕಳೆ ಎದ್ದು ಎದ್ದು ಬಂದ್ವು. ಹಳೇ ಕೊಳೆ ಅಂದ್ಕಂಡು ಪೂರಾ ತೆಗೆದೆ."

"ಕೇಳಿದ್ರಾ?" ಅಂದರು ಯಜಮಾನರು. "ಕೊಳೆ ತೊಳೆದ್ರೆ ಚೀನಾ ಅಕ್ಷರ ಹುಟ್ತಾವಂತೆ."

ನಾನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಇಟ್ಟಿಗೆ ಪುಡಿ, ನಾರು: ಒಂದೇ ದಿಕ್ಕಿನ ಗೀರು. ಹುಣಸೆಹಣ್ಣು: ಬೆಳ್ಳಗಾದ ಪಾದ. ನಕಲಿ ಮಾಡುವವನು ಮಾಡುವುದನ್ನೆಲ್ಲ ಈಕೆ ಅತ್ತೆ ಸತ್ತ ದುಃಖದಲ್ಲಿ, ಭಕ್ತಿಯಿಂದ, ಶಕ್ತಿ ಮೀರಿ ತಿಕ್ಕಿ ಮಾಡಿಬಿಟ್ಟಿದ್ದಳು. ಆದರೆ ಹೊಂದುವ ಮಾತು ಸಾಕ್ಷಿಯಾಗುವುದಿಲ್ಲ. ಜಾಣ ಕಳ್ಳರೂ ಹೊಂದುವ ಮಾತನ್ನೇ ಆಡುತ್ತಾರೆ. ನನಗೆ ಬೇಕಾಗಿದ್ದು ಭರಣಿಯಲ್ಲೇ ಉಳಿದ ಏನಾದರೊಂದು. ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಬರೀ ಕೊಳೆಗೆ ಹುಣಸೆಹಣ್ಣು ಹಚ್ಚಿದರೆ ನೊರೆ ಬರುವುದಿಲ್ಲ.

"ಶುದ್ಧ ನೀರು ಬೇಕು. ಬ್ಯಾಟರಿಗೆ ಹಾಕ್ತಾರಲ್ಲ, ಅದು" ಅಂದೆ. ಯಜಮಾನರು ಬೈದುಕೊಳ್ಳುತ್ತಲೇ ಹತ್ತಿರದ ಆನವಟ್ಟಿಗೆ ಕಾರು ತೆಗೆದರು.

ಅವರು ಹೋದ ಮೇಲೆ ನಾವಿಬ್ಬರೇ. ಮಲಗಿದ್ದ ಭರಣಿಯ ಆ ಕಡೆ ಆಕೆ, ಈ ಕಡೆ ನಾನು. ಅತ್ತುಕೊಂಡು ಕೈ ಹಿಡಿದುಕೊಳ್ಳುತ್ತಾಳೇನೋ ಎಂದು ಹೆದರಿದ್ದೆ, ಹಾಗೇನೂ ಮಾಡಲಿಲ್ಲ.

"ನಮ್ಮೋರಿಗೆ ಇನ್ನೂ ಹೇಳಿಲ್ಲ" ಅಂದಳು. "ಸ್ಟೇರಿಂಗ್ ಹಿಡಿಯೋ ಕೈ. ನಡುಗಬಾರದು."

ಭರಣಿಯ ಮೈ ಸವರಿ, "ನಮ್ಮತ್ತಿ ಆರು ತಿಂಗಳು ಹಾಸಿಗೆ ಮ್ಯಾಲಿದ್ರು. ಉಪ್ಪು ಮುಗೀತಾ ನೋಡು ಅಂತ ದಿನಾ ಕೇಳೋರು. ತುಂಬೈತ್ರಿ ಅತ್ತಿ ಅಂತಿದ್ದೆ. ಅಂಥಾ ಭರಣಿ ಮಾರ್ತೀನಾ ನಾನು?" ಅಂದಳು. ನನ್ನನ್ನು ಕೇಳಿದ್ದೋ ಭರಣಿಯನ್ನು ಕೇಳಿದ್ದೋ. ನಾನು ನಂಬಿದೆ. ನಂಬಿದ್ದೇ ತಡ ಭಯ ಇಮ್ಮಡಿಯಾಯಿತು, ಯಾಕೆಂದರೆ ಇನ್ನು ಮೇಲೆ ನನ್ನ ಕಣ್ಣನ್ನು ನಾನೇ ನಂಬುವಂತಿರಲಿಲ್ಲ.

ನೀರು ಬಂತು. ಟಿಶ್ಯೂ ಕಾಗದವನ್ನು ಅದರಲ್ಲಿ ನೆನೆಸಿ, ಅರೆದಂತೆ ಮಾಡಿ, ತಳಕ್ಕೂ ಪಾದಕ್ಕೂ ದಪ್ಪಗೆ ಮೆತ್ತಿದೆ. ಒಣಗುವಾಗ ಅದು ಮಣ್ಣಿನ ಒಳಗೆ, ಬಿರುಕಿನ ಒಳಗೆ ಇರುವುದನ್ನು ಹೊರಗೆ ಎಳೆದುಕೊಳ್ಳುತ್ತದೆ. ಟೇಬಲ್ ಫ್ಯಾನ್ ಹಚ್ಚಿ ಕೂತೆವು. ಯಜಮಾನರು ಗಡಿಯಾರ ನೋಡಿದರು, ಕೆಮ್ಮಿದರು, ಎದ್ದರು, ಕೂತರು. ನಾನು ಆ ಕಾಗದವನ್ನೇ ನೋಡುತ್ತ ಕೂತೆ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಮೂಲೆಗೆ ಸರಿಯಿತು.

ಕಾಗದ ಬಿಡಿಸಿದಾಗ ಅದರ ಮೇಲೆ ಬೂದಿಬಣ್ಣದ ಒಂದು ಗೆರೆ ಇತ್ತು. ಪಾದದಿಂದ ಹೊರಟು, ಎರಡನೆಯ ಅಕ್ಷರವನ್ನು ಸೀಳಿಕೊಂಡು, ಆ ಕಡೆಯ ಪಾದಕ್ಕೆ. ಭೂತಗನ್ನಡಿ ತಳಕ್ಕೆ ಹಿಡಿದೆ. ಅದೇ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ಅದರ ಒಂದು ತುದಿ ಹೊಸದು, ಸ್ವಚ್ಛ. ಬೆಳಿಗ್ಗೆ ಟಿಕ್ ಅಂದದ್ದು ಅದು. ಉಳಿದದ್ದೆಲ್ಲ ಹಳೆಯದು, ಒಳಗೆ ಏನೋ ತುಂಬಿಕೊಂಡಿದೆ. ಗೆರೆಯ ಎರಡೂ ಬದಿಗೆ ಬೆಳ್ಳಗೆ ಉಪ್ಪು ಹೂ ಬಿಟ್ಟಿತ್ತು.

"ಉಪ್ಪು ಒಳಗಿಳಿದಿದೆ, ನೋಡ್ರಿ" ಅಂದೆ ಉತ್ಸಾಹದಿಂದ.

"ಒಂದು ವರ್ಷದಿಂದ ಉಪ್ಪೇ ತುಂಬೈತಲ್ರಿ ಇದರಾಗೆ. ಹೊಸದಾದ್ರೂ ಇಳೀತದೆ" ಅಂದರು ಯಜಮಾನರು. ವ್ಯಾಪಾರಸ್ಥರ ತಲೆ. ಅವರು ಹೇಳಿದ್ದು ಸರಿ.

ಉಳಿದದ್ದು ಆ ತುಂಬಿಕೊಂಡ ವಸ್ತು. ಪಾದದ ಒಳಮೂಲೆಯಲ್ಲಿ, ನಾರು ತಲುಪದ ಸಂದಿಯಲ್ಲಿ, ಅದೇ ಬೂದಿಗಪ್ಪು ಒಂದು ಚೂರು ಸಿಕ್ಕಿತು. ಸೂಜಿಯಿಂದ ಎಬ್ಬಿಸಿ ಸ್ಟೀಲ್ ಚಮಚದಲ್ಲಿ ಹಾಕಿದೆ. "ಒಂದು ನಿಂಬೆಹಣ್ಣು ಕೊಡ್ತೀರಾ?" ಆಕೆ ಕೊಯ್ದು ತಂದಳು. ಮೊದಲ ಹನಿ ಸೀರೆಯ ಮೇಲೆ ಬಿತ್ತು. ಎರಡನೆಯದು ಚೂರಿನ ಮೇಲೆ.

ಚೂರಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದವು.

ಭೂತಗನ್ನಡಿಯನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. "ಸುಣ್ಣ" ಅಂದರು.

"ಹೌದು. ಸುಣ್ಣ, ಅದರ ಜೊತೆ ಇದ್ದಿಲು ಪುಡಿ. ಯಾರೋ ಈ ತಳಕ್ಕೆ ದಪ್ಪಗೆ ಮೆತ್ತಿದ್ದಾರೆ. ಇವರು ಹುಣಸೆಹಣ್ಣು ಹಚ್ಚಿದಾಗ ಅದೇ ಬುಸುಗುಟ್ಟಿ ಎದ್ದು ಬಂದಿದೆ. ನೀವು ಸಣ್ಣವರಿದ್ದಾಗ ನೋಡಿದ ಕರೀ ತಳ ಅದು ಅಂತ ನನ್ನ ಅಂದಾಜು. ಅಕ್ಷರ ಅದರ ಕೆಳಗಿತ್ತು. ಆದರೆ ಅಂದಾಜು ನನ್ನದು, ಆವಾಗ ಇದ್ದೋರು ನೀವು. ನಿಮ್ಮ ಅಜ್ಜಿ ಕಾಲದಲ್ಲಿ ಈ ಭರಣಿ ಸೋರ್ತಿತ್ತೇನ್ರಿ?"

ಎಲ್ಲವನ್ನೂ ತೆಗೆದುಕೊಂಡು ಹೋಗಿ ಆರೋಪ ಹೊರಿಸಿದವರ ಕೈಗೇ ಕೊಟ್ಟಿದ್ದೆ. ಅವರು ಇಲ್ಲ ಎಂದರೆ ಮುಗಿಯಿತು. ಅವರ ಮಾತಿನ ಮೇಲೆ ಮಾತಾಡಲು ಆ ಕಾಲ ಕಂಡವರು ಆ ಮನೆಯಲ್ಲಿ ಇನ್ಯಾರೂ ಬದುಕಿರಲಿಲ್ಲ.

ಯಜಮಾನರು ಭೂತಗನ್ನಡಿ ಕೆಳಗಿಡಲಿಲ್ಲ. ಚಮಚದಲ್ಲಿ ಗುಳ್ಳೆ ನಿಂತಿತ್ತು, ಆದರೂ ಅದನ್ನೇ ನೋಡುತ್ತಿದ್ದರು. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಬೆಲ್ಲ" ಅಂದರು ಕೊನೆಗೆ.

ನನಗೆ ಅರ್ಥವಾಗಲಿಲ್ಲ.

"ಸುಣ್ಣಕ್ಕೆ ಬೆಲ್ಲ ಹಾಕಿ ಅರೀತಿದ್ಲು ಅಜ್ಜಿ. ಹಿತ್ತಲ ಒರಳುಕಲ್ಲಿನಾಗೆ. ಮಳೆಗಾಲ ಬಂದ್ರೆ ಉಪ್ಪಿನ ನೀರು ತಳದಾಗಿಂದ ಇಳಿದು ಮಣೆಯೆಲ್ಲಾ ಒದ್ದೆ ಆಗ್ತದೆ ಅಂತ. ಅರಿಯೋಕೆ ಇಟ್ಟಿದ್ದ ಬೆಲ್ಲ ನಾನು ಕದ್ದು ತಿಂದೆ. ಸೌಟಿನಾಗೆ ಹೊಡೆದಿದ್ಲು." ಬಲಗೈ ತಾನಾಗಿ ಎಡ ಮೊಣಕೈಯನ್ನು ಸವರಿತು. "ಉಪ್ಪು ಖಾಲಿ ಮಾಡ್ಲಿಲ್ಲ ಆವತ್ತೂ. ಇಬ್ಬರು ಹೆಂಗಸರು ವಾಲಿಸಿ ಹಿಡ್ಕಂಡಿದ್ರು, ಅಜ್ಜಿ ಕೂತು ಮೆತ್ತಿದ್ಲು. ಯಪ್ಪಾ, ಹೆಂಗೆ ಮರೆತೆ ನಾನು ಇದನ್ನ."

ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಆ ಬೆಲ್ಲವನ್ನು ಆವತ್ತು ಮತ್ತೊಮ್ಮೆ ನುಂಗಿಕೊಂಡು ಸುಮ್ಮನಿರಬಹುದಿತ್ತು. ನನಗೆ ಕೂತಲ್ಲೇ ಅಳು ಬಂತು, ಭೂತಗನ್ನಡಿ ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡೆ.

ವ್ಯಾಪಾರಸ್ಥರಿಗೆ ಒಂದು ಗಂಟು ಮಾತ್ರ ಉಳಿದಿತ್ತು. "ಹಂಗಾದ್ರೆ ಗುರುತು ಸುಳ್ಳು ಅಂದನಲ್ಲ ಆ ಮನುಷ್ಯ?"

"ಗುರುತಿನ ರಾಜ ಮುನ್ನೂರು ವರ್ಷದ ಹಿಂದಿನವನು, ಭರಣಿ ಅಷ್ಟು ಹಳೇದಲ್ಲ. ನೂರು ದಾಟಿದೆ, ನಿಮ್ಮ ಅಜ್ಜಿಯ ಅತ್ತೆ ಕಾಲದ್ದಿರಬಹುದು. ಅಲ್ಲಿನ ಕುಶಲಕರ್ಮಿಗಳು ಹಿಂದಿನ ದೊಡ್ಡ ರಾಜರ ಹೆಸರನ್ನ ಗೌರವಕ್ಕೆ ಬರೀತಿದ್ರು. ನಿಮಗೆ ಯಾರ ಹೆಸರು ಇಟ್ಟಿದಾರೆ?"

"ಅಜ್ಜಂದು."

"ಹಂಗಂತ ನೀವು ನಕಲಿನಾ?"

ಬಾಗಿಲ ಹತ್ತಿರ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ, ಎರಡೂ ಒಟ್ಟಿಗೇ ಬಂದಿದ್ದವು. ಯಜಮಾನರು ಅವಳ ಕಡೆ ತಿರುಗಿದರು. "ತಪ್ಪಾತವ್ವ" ಎಂದು ನೆಲ ನೋಡುತ್ತ ಹೇಳಿದರು. ಅವಳು ಬಗ್ಗಿ ನಿಂಬೆಹಣ್ಣಿನ ಹೋಳುಗಳನ್ನು ಎತ್ತಿಕೊಂಡಳು.

ನನ್ನ ಕೆಲಸ ಇನ್ನೂ ಒಂದು ಬಾಕಿ ಇತ್ತು, ಅದನ್ನು ಹೇಳಲು ಎಲ್ಲದಕ್ಕಿಂತ ಹೆಚ್ಚು ಹಿಂಜರಿಕೆ. ಅಜ್ಜಿ ಮೆತ್ತಿದ್ದು ಹೋಗಿದೆ, ಬಿರುಕು ಬೆಳೆದಿದೆ. ಇನ್ನೊಂದು ಮಳೆಗಾಲ ಉಪ್ಪು ತುಂಬಿಟ್ಟರೆ ತಳ ಬಿದ್ದುಹೋಗುತ್ತದೆ. ಈ ಭರಣಿ ಇನ್ನು ಉಪ್ಪು ಹಿಡಿಯುವಂತಿಲ್ಲ.

ಯಜಮಾನರು ದಡಬಡಿಸಿ ಎದ್ದರು. ಬೆಳಿಗ್ಗೆ ನಕಲಿಗೆ ಯಾಕೆ ನೇಮ ಅಂದವರು ಅವರೇ. "ಮತ್ತೆ ಸುಣ್ಣ ಬೆಲ್ಲ ಮೆತ್ತಿಸ್ತೀನಿ ಮೇಡಂ. ಖಾಲಿ ಇಡೋದು ಬ್ಯಾಡ. ಅವಳು ಇರೋವಾಗ ಖಾಲಿ ಬ್ಯಾಡ. ಅದು ಅಸಲಿ ಅಲ್ವಾ ಈಗ?"

ಮೆತ್ತಿದರೆ ಉಪ್ಪಿನ ನೀರು ಒಳಗೇ ಸಿಕ್ಕಿಕೊಂಡು ಇನ್ನೂ ಬೇಗ ಒಡೆಯುತ್ತದೆ ಎಂದು ವಿವರಿಸಲು ನೋಡಿದೆ. ಅವರ ಕಿವಿಗೆ ಹೋಗುತ್ತಿರಲಿಲ್ಲ. ಬೆಳಗಿನಿಂದ ನನ್ನ ಮೈಯಲ್ಲಿದ್ದ ಹೆದರಿಕೆಯೆಲ್ಲ ಎದ್ದು ಹೋಗಿ ಅವರ ಮೈ ಸೇರಿತ್ತು.

ಆಕೆ ಬಂದು ಭರಣಿಯ ಪಕ್ಕ ಕೂತಳು. ಕಂಠದೊಳಗೆ ಕೈ ಹಾಕಿ ಬಟ್ಟೆಯ ಗಂಟನ್ನು ತೆಗೆದಳು. ನಾನು ಚೂರುಪಾರು ಹಾಕಿಕೊಳ್ಳಲು ಇಟ್ಟುಕೊಂಡಿದ್ದ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟೆ. ಗಂಟನ್ನು ಅದರಲ್ಲಿಟ್ಟು, ಉಪ್ಪು ತಳಕ್ಕೆ ತಾಗದಂತೆ ಬಾಯಿ ಒತ್ತಿ, ಮತ್ತೆ ಭರಣಿಯೊಳಗೆ ಇಟ್ಟಳು.

"ಅಡಿಗಿಗೆ ಡಬ್ಬಿ ಉಪ್ಪು ಸಾಕು" ಅಂದಳು. "ಈ ಹಿಡಿ ನಂದು. ನಾಳೆ ನನ್ನ ಮಣ್ಣು ಮಾಡೋವಾಗ ಇದು ಎಲ್ಲೈತಿ ಅಂತ ನಿಮಗೆ ಗೊತ್ತಿರ್ಲಿ ಭಾವ. ತಗಳ್ರಿ, ನೀವೇ ಒಯ್ದು ಮಣೆ ಮ್ಯಾಲೆ ಇಡ್ರಿ."

ಯಜಮಾನರು ಪಂಚೆ ಎತ್ತಿ ಕಟ್ಟಿದರು. ಈ ಸಲ ಕಂಠಕ್ಕೆ ಕೈ ಹಾಕಲಿಲ್ಲ. ಎರಡು ಕೈಯನ್ನೂ ಭರಣಿಯ ಅಡಿಗೆ ಕೊಟ್ಟು, ಎದೆಗೊತ್ತಿಕೊಂಡು ಎತ್ತಿ, ಹೊಸ್ತಿಲನ್ನು ಕಾಲಿನಿಂದ ತಡವಿ ತಡವಿ ನೋಡಿಕೊಂಡು ಒಳಗೆ ಹೋದರು.